ತುಳಜಮ್ಮನ ಕೈ ಶುದ್ಧವಾಗಿತ್ತು

ತುಳಜಮ್ಮನ ಕೈ ಶುದ್ಧವಾಗಿತ್ತು. ದೀಪ ಹಿಡಿದು ನೋಡಿದವಳು ನಾನೇ. ಆಮೇಲೆ ಅವರ ಮುಖ ನೋಡಿಕೊಂಡೇ, ಶುದ್ಧವಾಗಿಲ್ಲ ಎಂದು ಹೇಳಿದವಳೂ ನಾನೇ.

ಇದು ಬಾಯಿ ತಪ್ಪಿ ಬಂದ ಮಾತಲ್ಲ. ಸಿಟ್ಟಿನಲ್ಲಿ ಆಡಿದ್ದೂ ಅಲ್ಲ. ಸಿಟ್ಟಿನಲ್ಲಿ ಆಡಿದ್ದರೆ ಮರುದಿನ ಹೋಗಿ ಕ್ಷಮೆ ಕೇಳಬಹುದಿತ್ತು. ಯೋಚಿಸಿ, ಹೊಂದಿಸಿ, ಎಲ್ಲರಿಗೂ ಅನುಕೂಲವಾಗುವಂತೆ, ತೀರಾ ನಯವಾಗಿ ಹೇಳಿದ ಸುಳ್ಳು ಅದು. ಹೇಳಿದ ದಿನ ನಾನು ಹೊಟ್ಟೆ ತುಂಬ ಉಂಡೆ, ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆ. ಈಗ ನೆನೆಸಿಕೊಂಡರೆ ನನಗೆ ದಿಗಿಲಾಗುವುದು ಸುಳ್ಳಿಗಿಂತ ಹೆಚ್ಚಾಗಿ ಆ ನಿದ್ದೆಯ ಬಗ್ಗೆ.

ಆಗ ನಾನು ಜಹೀರಾಬಾದಿನಲ್ಲಿ ಕೆಲಸಕ್ಕಿದ್ದೆ. ಸರಕಾರಿ ಶಾಲೆಗಳನ್ನು ಸ್ವಚ್ಛ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ ರೀತಿ ನಡೆಯಬೇಕು ಎಂದು ಒಂದು ಸಂಸ್ಥೆ ಕಾರ್ಯಕ್ರಮ ರೂಪಿಸಿತ್ತು. ಔಷಧದ ಅಳತೆ ಅದೇ, ಒರೆಸುವ ಬಟ್ಟೆ ಅದೇ, ಒಂದಾದ ಮೇಲೊಂದು ಮಾಡುವ ಕ್ರಮವೂ ಅದೇ. ಇದು ನಮ್ಮ ಕಡೆ ನಡೆದೀತೇ ಎಂದು ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸುತ್ತಿನ ಕೆಲವು ಶಾಲೆಗಳಲ್ಲಿ ಪರೀಕ್ಷಿಸಿ ನೋಡಬೇಕಿತ್ತು. ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತಿದ್ದುದರಿಂದ ಮೂರೂ ಕಡೆ ತಿರುಗುವ ಮೇಲ್ವಿಚಾರಕಿಯ ಕೆಲಸ ನನಗೆ ಸಿಕ್ಕಿತು. ಹೆದ್ದಾರಿಯ ಪಕ್ಕ, ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಕೋಣೆಯೇ ಆಫೀಸು. ಕಬ್ಬಿನ ಲಾರಿ ಹೋದಾಗೆಲ್ಲ ಗೋಡೆಗೆ ಒರಗಿಸಿಟ್ಟ ನೆಲ ಒರೆಸುವ ಮಾಪುಗಳು ಜಾರಿ ಬೀಳುತ್ತಿದ್ದವು. ಎತ್ತಿ ನಿಲ್ಲಿಸುವುದೇ ಅರ್ಧ ಕೆಲಸ.

ಕಾರ್ಯಕ್ರಮದ ಜೀವ ಇದ್ದದ್ದು ಬಣ್ಣಗಳಲ್ಲಿ. ಅಡುಗೆಮನೆಗೆ ಹಸಿರು ಬಕೆಟ್ಟು, ಹಸಿರು ಬಟ್ಟೆ. ತರಗತಿಗೆ ನೀಲಿ. ಪಾಯಖಾನೆಗೆ ಕೆಂಪು. ಕೆಲಸ ಮಾಡುವಾಕೆ ಒಬ್ಬಳೇ — ಬೆಳಿಗ್ಗೆ ಮೊದಲು ಹಸಿರು, ಆಮೇಲೆ ನೀಲಿ, ಕೊನೆಗೆ ಕೆಂಪು. ನಡುವೆ ಕೈ ತೊಳೆದು ಗ್ಲೌಸ್ ಬದಲಿಸಬೇಕು. ಬಣ್ಣ ಜಾಗಕ್ಕೆ ಸೇರಿದ್ದು, ಮನುಷ್ಯರಿಗಲ್ಲ. ನಾನೇ ಈ ಮಾತನ್ನು ಎಷ್ಟು ಶಾಲೆಗಳಲ್ಲಿ, ಎಷ್ಟು ಸಲ ಹೇಳಿದ್ದೆನೋ. ಹೇಳುವಾಗ ನಂಬಿಯೂ ಇದ್ದೆ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಕ್ಕೆ ಹಾಕಿದರೆ ಧೈರ್ಯ ಸಾಲದು. ನಾನು ಯಾರ ಪೈಕಿ ಎಂಬುದನ್ನು ಆ ಕೆಲಸದಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮಪ್ಪನ ಕಾಲದಲ್ಲೇ ನಮ್ಮ ಮನೆಯವರು ಬುದ್ಧಧರ್ಮ ಹಿಡಿದವರು. ನಮ್ಮವ್ವ ವಿಹಾರದಲ್ಲಿ ಎಲ್ಲರಿಗಿಂತ ಮುಂದೆ ಕೂತು ಹಾಡುತ್ತಿದ್ದಳು. ಅದಕ್ಕೂ ಹಿಂದೆ ನಾವು ಊರ ಹೊರಗಿನ ಓಣಿಯವರು. ಅವ್ವ ಇದನ್ನು ಎಂದೂ ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ನಾನು. ಯಾರಾದರೂ ಕೇಳಿದರೆ 'ಬೀದರ ಕಡೆಯವರು' ಎಂದು ಊರಿನ ಹೆಸರು ಹೇಳಿ ಜಾತಿಯ ಪ್ರಶ್ನೆಗೆ ಉತ್ತರ ಕೊಟ್ಟಂತೆ ಮಾಡುತ್ತಿದ್ದೆ. ಕೇಳಿದವರು ತಮಗೆ ಬೇಕಾದ ಉತ್ತರ ತುಂಬಿಕೊಳ್ಳುತ್ತಿದ್ದರು. ತುಂಬಿಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದೆ — ಸುಳ್ಳು ಹೇಳಿಲ್ಲವಲ್ಲ ಎಂಬ ಸಮಾಧಾನ ಬೇರೆ.

ನಾರಾಯಣಖೇಡದಿಂದ ಆಟೋದಲ್ಲಿ ಹೋಗಬೇಕಾದ ಒಂದು ಹಳ್ಳಿಯ ಶಾಲೆಯಲ್ಲಿ ತುಳಜಮ್ಮ ಸಫಾಯಿ ಕೆಲಸ ಮಾಡುತ್ತಿದ್ದರು. ನಮ್ಮವ್ವನ ವಯಸ್ಸಿಗೆ ಸ್ವಲ್ಪ ಕಡಿಮೆ. ತೆಳ್ಳಗಿನ ಮೈ, ಬೇಗ ಬೇಗ ನಡೆಯುವ ಕಾಲು, ಕೆಲಸ ಮಾಡುವಾಗ ತಮ್ಮಷ್ಟಕ್ಕೇ ಏನೋ ಗೊಣಗುವ ಅಭ್ಯಾಸ. ಇಂಥವರನ್ನು ನಾನು 'ನೀ' ಎಂದೇ ಕರೆಯುತ್ತಿದ್ದೆ. ಹೆಡ್‌ಮಾಸ್ತರರು ಹಾಗೆ ಕರೆಯುತ್ತಿದ್ದರು, ಮೂರನೆಯ ಕ್ಲಾಸಿನ ಮಕ್ಕಳೂ ಹಾಗೇ ಕರೆಯುತ್ತಿದ್ದವು, ನಾನೂ ಕರೆದೆ. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಕಾಗದದ ಮೇಲೆ ಗೌರವ ಕೊಡುವುದಕ್ಕೆ ಏನೂ ಖರ್ಚಿಲ್ಲ.

ಅವರಿಗೆ ಬಣ್ಣಗಳ ಕ್ರಮ ಹೇಳಿಕೊಟ್ಟ ದಿನ ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ ವಿಷಯ — ಹಸಿರು ಬಕೆಟ್ಟು ಹಿಡಿದುಕೊಂಡು ತಾನೇ ಒಳಗೆ ಹೋಗಬೇಕೇ ಎಂದು. ಒಳಗೆ ಅಂದರೆ ಅಡುಗೆಮನೆಯ ಒಳಗೆ. ಹೌದು ಎಂದೆ. ಅವರ ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡು ದೊಡ್ಡವರಾದವರು; ತುಳಜಮ್ಮ ಮಾತ್ರ ಅಷ್ಟೂ ವರ್ಷ ಆ ಬಾಗಿಲಿನ ಹೊರಗೆ ತಟ್ಟೆ ಹಿಡಿದು ನಿಂತು ಇಸಕೊಂಡವರು. ಮೊದಲ ದಿನ ಹೊಸಿಲ ಮೇಲೆ ನಿಂತು ಒಲೆ, ದೊಡ್ಡ ಪಾತೆಲಿ, ಬೇಳೆಯ ಡಬ್ಬಿ ಎಲ್ಲವನ್ನೂ ನೋಡಿದರು. ಅನ್ನ ಮಾಡುವ ಪಾತೆಲಿ ಇಷ್ಟು ದೊಡ್ಡದಿದೆ ಎಂದು ಗೊತ್ತೇ ಇರಲಿಲ್ಲ ಎಂದು ನಕ್ಕರು. ಆಮೇಲೆ ನೆಲದ ತಾಂಡೂರು ಕಲ್ಲುಗಳನ್ನು ಎಷ್ಟು ಒರೆಸಿದರೆಂದರೆ, ಸಾಕು ಬಿಡು ಎಂದು ನಾನೇ ಹೇಳಬೇಕಾಯಿತು.

ಕೈ ಪರೀಕ್ಷೆ ಮಾಡಿದ್ದು ಅದೇ ವಾರ. ಕೈಗೆ ಒಂದು ಬಗೆಯ ಕ್ರೀಮು ಹಚ್ಚಿಸಿ, ಹೇಳಿಕೊಟ್ಟ ಹಾಗೆ ಸಾಬೂನಿನಿಂದ ತೊಳೆಯಲು ಹೇಳಿ, ಕತ್ತಲ ಕೋಣೆಯಲ್ಲಿ ಒಂದು ನೇರಳೆ ದೀಪದ ಕೆಳಗೆ ಹಿಡಿಸುವುದು. ಸರಿಯಾಗಿ ತೊಳೆಯದ ಕಡೆ ಕ್ರೀಮು ಉಳಿದು ಹೊಳೆಯುತ್ತದೆ. ಶಾಲೆಯ ಸಾಮಾನಿನ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದ್ದೆ. ಅಡುಗೆಯ ಶಕುಂತಲಮ್ಮ ಮೊದಲು ಬಂದರು. ಬಳೆಗಳ ಕೆಳಗೆ, ಉಂಗುರದ ಸುತ್ತ, ಬೆರಳ ಸಂದಿಯಲ್ಲಿ ಎಲ್ಲ ಕಡೆ ಹೊಳೆಯಿತು. ಆಮೇಲೆ ತುಳಜಮ್ಮ ಒಬ್ಬರೇ ಬಂದರು. ಅಂಗೈ, ಮುಂಗೈ, ಮಣಿಕಟ್ಟು, ಎಲ್ಲೂ ಏನೂ ಇಲ್ಲ. ಮೂರೂ ಊರಿನಲ್ಲಿ ಅಷ್ಟು ಚೆನ್ನಾಗಿ ತೊಳೆದ ಕೈ ನಾನು ನೋಡಿರಲಿಲ್ಲ.

ಆದರೆ ಅವರ ಉಗುರುಗಳು ಮಸುಕಾಗಿ ಬೆಳ್ಳಗೆ ಕಂಡವು. ಅದು ಕ್ರೀಮಲ್ಲ, ಕೊಳೆಯಲ್ಲ. ಆ ದೀಪದ ಕೆಳಗೆ ಯಾರ ಉಗುರಾದರೂ ಹಾಗೇ ಕಾಣುತ್ತದೆ, ಹಲ್ಲೂ ಕಾಣುತ್ತದೆ; ದೀಪ ಹಿಡಿದ ನನ್ನ ಉಗುರೂ ಅಲ್ಲೇ ಪಕ್ಕದಲ್ಲಿ ಹಾಗೇ ಕಾಣುತ್ತಿತ್ತು. ಅವರು ನನ್ನ ಕೈ ನೋಡಲಿಲ್ಲ, ತಮ್ಮ ಕೈಯನ್ನೇ ನೋಡಿದರು. ಇದೇನು ಎಂದು ಕೇಳಿದರು. ಪ್ರಯೋಗ ಪೂರ್ತಿ ಮುಗಿಯುವ ತನಕ ಯಾರಿಗೂ ಅವರವರ ಫಲಿತಾಂಶ ಹೇಳಬಾರದೆಂದು ನಮಗೆ ಸೂಚನೆ ಇತ್ತು. ಆಮೇಲೆ ಹೇಳುತ್ತೇನೆ ಎಂದೆ. ಅಷ್ಟೇ — ಆವತ್ತೇ ಒಂದು ಮಾತು ಹೇಳಿ ಮುಗಿಸಿದ್ದರೆ ಇಂದು ಈ ಬರಹ ಇರುತ್ತಿರಲಿಲ್ಲ.

ಶಕುಂತಲಮ್ಮ ಬೆಳಗಿನ ಹೊತ್ತು ತಡವಾಗಿ ಬರುತ್ತಿದ್ದರು. ಆದ್ದರಿಂದ ಹಸಿರು ಬಕೆಟ್ಟಿನ ಕೆಲಸ ಅವರ ಕಣ್ಣಿಗೆ ಬೀಳದೆ ಕೆಲವು ದಿನ ನಡೆಯಿತು. ಒಂದು ದಿನ ಬೇಗ ಬಂದವರು, ತುಳಜಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಲ್ಲು ಒರೆಸುತ್ತಿದ್ದುದನ್ನು ನೋಡಿದರು. ನಾನೂ ಅಲ್ಲಿದ್ದೆ. ಜಗಳವಾಡಲಿಲ್ಲ, ಬೈಯಲಿಲ್ಲ. ತುಳಜಮ್ಮ ಹೊರಗೆ ಹೋಗುವ ತನಕ ಕಾದು, ಅದೇ ನೆಲವನ್ನು ಅರಿಶಿನದ ನೀರು ಹಾಕಿ ಮತ್ತೆ ತೊಳೆದರು. ಮೂಲೆಯ ಕೊಡದಲ್ಲಿದ್ದ ನೀರನ್ನು ಹಿತ್ತಲಿಗೆ ಚೆಲ್ಲಿ ಹೊಸದಾಗಿ ತುಂಬಿಸಿದರು. ಈಗಷ್ಟೇ ಒರೆಸಿದ, ನಾನೇ ಪರೀಕ್ಷಿಸಿ ಸರಿ ಎಂದ ನೆಲ ಅದು. ನಿಂತು ನೋಡಿದೆ. ಬಾಯಿ ತೆರೆಯಲಿಲ್ಲ.

ಮರುದಿನ ಊರೊಳಗಿನ ಮಕ್ಕಳು ಮನೆಯಿಂದ ಊಟದ ಡಬ್ಬಿ ತಂದವು. ಅದರ ಮರುದಿನ ಇನ್ನಷ್ಟು ಡಬ್ಬಿಗಳು ಬಂದವು. ಊರ ಹೊರಗಿನ ಓಣಿಯ ಮಕ್ಕಳು ಮಾತ್ರ ಸಾಲಿನಲ್ಲಿ ಕೂತು ಶಾಲೆಯ ಅನ್ನ ಉಣ್ಣುತ್ತಿದ್ದವು, ಉಳಿದವು ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದವು. ಪಾತೆಲಿಯಲ್ಲಿ ಅನ್ನ ಉಳಿಯಿತು. ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ಅವರೇನು ಕೆಟ್ಟವರಲ್ಲ, ಹೆದರಿದವರು. ಊರು ಸೂಕ್ಷ್ಮ, ದೂರು ಮೇಲೆ ಹೋದರೆ ನಿಮ್ಮ ಪ್ರಯೋಗವೂ ನಿಲ್ಲುತ್ತದೆ, ನನ್ನ ತಲೆಗೂ ಬರುತ್ತದೆ, ಗದ್ದಲವಾಗದ ಹಾಗೆ ಏನಾದರೂ ದಾರಿ ಹುಡುಕಿ ಎಂದರು. ಶಕುಂತಲಮ್ಮ ಗೋಡೆಯ ಕಡೆ ನೋಡುತ್ತ, ತನ್ನದೇನೂ ಇಲ್ಲ, ಊರಿನವರು ಕೇಳುತ್ತಾರೆ ಎಂದರು.

ದಾರಿ ಹುಡುಕಿದವಳು ನಾನು. ಇದನ್ನು ಯಾರ ಮೇಲೂ ಹಾಕುವಂತಿಲ್ಲ. ಅವರಿಬ್ಬರಿಗೂ ದಾರಿ ಗೊತ್ತಿರಲಿಲ್ಲ. ಕೆಲಸ ಕಲಿತವಳು, ವಿಜ್ಞಾನ ಓದಿದವಳು, ಮಾತು ಬಲ್ಲವಳು ನಾನು. ಒಬ್ಬರಿಗೆ ಒಂದೇ ಬಣ್ಣ ಎಂದೆ. ಕೆಂಪು ಹಿಡಿದವರು ಹಸಿರು ಮುಟ್ಟಬಾರದು, ಪಾಯಖಾನೆಯ ಸೋಂಕು ಅಡುಗೆಗೆ ಹೋಗಬಾರದು, ಇದು ಆರೋಗ್ಯದ ಪ್ರಶ್ನೆ, ಬೇರೆ ಯಾವ ಪ್ರಶ್ನೆಯೂ ಅಲ್ಲ ಎಂದೆ. ಹಸಿರು ಬಕೆಟ್ಟನ್ನು ಶಕುಂತಲಮ್ಮನ ಸೊಸೆ ಹಿಡಿಯಲಿ. ಹೆಡ್‌ಮಾಸ್ತರರ ಮುಖ ಅರಳಿತು. ಜಾತಿಯ ಮಾತೇ ಬೇಕಾಗಲಿಲ್ಲ ನೋಡಿ, ಎಷ್ಟು ಸಲೀಸು. ಊರಿನವರು ಬೇಡವೆಂದು ಹೇಳಬೇಕಾಗಿದ್ದನ್ನು ನಾನೇ ನಿಯಮ ಮಾಡಿಕೊಟ್ಟೆ, ಅದೂ ಕಾರ್ಯಕ್ರಮದ ಹೆಸರಿನಲ್ಲಿ.

ತುಳಜಮ್ಮನಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅವರು ನಳದ ಹತ್ತಿರ ಹಸಿರು ಬಟ್ಟೆ ಹಿಂಡುತ್ತಿದ್ದರು. ನಾಳೆಯಿಂದ ನೀನು ಕೆಂಪು ಮಾತ್ರ ಎಂದೆ. ಅವರು ಬಟ್ಟೆಯನ್ನು ಕೊಡವಿ ತಂತಿಯ ಮೇಲೆ ಹಾಕಿದರು, ಮಡಿಕೆ ಬಿಡಿಸಿದರು, ಆಮೇಲೆ ಕೇಳಿದರು.

"ಇಷ್ಟ್ ದಿನ ನೀವೇ ಒಳಗ ಬಿಟ್ಟಿದ್ರಿ. ಈಗ್ಯಾಕ ಬ್ಯಾಡ ಅಂತೀರಿ?"

ಇದು ನಿಯಮ, ಎಲ್ಲ ಕಡೆಯೂ ಹೀಗೇ ಎಂದೆ. ಅವರು ಒಪ್ಪಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ನಿಜವಾದ ಕಾರಣ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ — ನಿಮ್ಮ ಜಾತಿಯ ಕಾರಣಕ್ಕೆ ಎಂದರೆ — ಆ ಮಾತು ಅವರ ಮೇಲೆ ಬಿದ್ದ ಹಾಗೆ ನನ್ನ ಮೇಲೂ ಬೀಳುತ್ತಿತ್ತು. ನಮ್ಮ ಜಾತಿಯ ಕಾರಣಕ್ಕೆ ಎಂದಾಗುತ್ತಿತ್ತು. ನಾನು ಹೆದರಿದ್ದು ಅದಕ್ಕೆ. ಅವರಿಗೆ ನೋವಾದೀತೆಂದಲ್ಲ, ನನಗೆ ಗುರುತು ಹತ್ತೀತೆಂದು.

ಆಗ ಅವರೇ ನನಗೆ ದಾರಿ ಮಾಡಿಕೊಟ್ಟರು. ದನಿ ತಗ್ಗಿಸಿ, "ಆ ದೀಪದಾಗ ನನ್ನ ಕೈಯಾಗ ಏನರ ಕಂಡಿತ್ತೇನ್ರಿ?" ಎಂದರು.

ಒಂದು ಕ್ಷಣವೂ ತಡವಾಗಲಿಲ್ಲ. ಹಿಂದಿನಿಂದ ಹೇಳಿಕೊಂಡು ಬಂದ ಮಾತಿನ ಹಾಗೆ ನನ್ನ ಬಾಯಿಂದ ಬಂತು.

"ಹೌದು. ನಿನ್ನ ಉಗುರಾಗ ಹೊಳೀತಿತ್ತಲ್ಲ, ಅದು ತೊಳದ್ರ ಹೋಗೂದಲ್ಲ. ಮಕ್ಕಳು ಉಣ್ಣೂ ಜಾಗಕ್ಕ ನೀ ಬರೂದು ಬ್ಯಾಡ."

ತೊಳೆದರೆ ಹೋಗುವುದಲ್ಲ! ಎಲ್ಲಿಂದ ಬಂತು ಈ ಮಾತು ನನಗೆ? ನಮ್ಮಜ್ಜಿಗೆ ಊರು ಹೇಳಿದ್ದು ಇದನ್ನೇ. ನಮ್ಮಪ್ಪ ಧರ್ಮ ಬದಲಿಸಿ, ಊರು ಬಿಟ್ಟು, ನಮ್ಮನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದ್ದು ಈ ಮಾತಿನಿಂದ ದೂರ ಹೋಗಲೆಂದು. ಓದಿ ದೊಡ್ಡವಳಾಗಿ, ಕೈಯಲ್ಲೊಂದು ದೀಪ ಹಿಡಿದು ಬಂದು, ಅದೇ ಮಾತನ್ನು ನಾನೇ ಆಡಿದೆ. ತುಳಜಮ್ಮ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು ಉಗುರುಗಳನ್ನು ನೋಡಿದರು. ಕೆಂಪು ಬಕೆಟ್ಟು ತೆಗೆದುಕೊಂಡು ಪಾಯಖಾನೆಯ ಕಡೆ ಹೋದರು.

ಮಕ್ಕಳ ಡಬ್ಬಿಗಳು ನಿಂತವು. ಪ್ರಯೋಗ ಚೆನ್ನಾಗಿ ಮುಗಿಯಿತು, ನಮ್ಮ ಶಾಲೆಗಳ ಫಲಿತಾಂಶ ಉಳಿದ ಕಡೆಗಿಂತ ಒಳ್ಳೆಯದಾಗಿತ್ತು. ಒಬ್ಬರಿಗೆ ಒಂದೇ ಬಣ್ಣ ಎಂಬುದು ಮೇಲಿನವರಿಗೆ ಬಹಳ ಹಿಡಿಸಿತು — ಇದು ಹೊಳೆದದ್ದು ಯಾರಿಗೆ ಎಂದು ವಿಚಾರಿಸಿದರು. ನನಗೆ ಎಂದೆ. ನಿಯಮವಾಗಿ ಎಲ್ಲ ಶಾಲೆಗಳಿಗೂ ಹೋಯಿತು. ನಾನು ಮೇಲ್ವಿಚಾರಕಿಯಿಂದ ತರಬೇತಿ ಕೊಡುವವಳಾದೆ. ಸಭೆಗಳಲ್ಲಿ ನಿಂತು ಬಣ್ಣ ಹಂಚಿದೆ. ಕೆಂಪು ಯಾವ ಮನೆಗೆ ಹೋಗುತ್ತದೆ, ಹಸಿರು ಯಾವ ಮನೆಗೆ ಹೋಗುತ್ತದೆ ಎಂದು ಯಾವ ಊರಲ್ಲೂ ಹೇಳಿಕೊಡಬೇಕಾಗಲಿಲ್ಲ. ತಾನಾಗಿಯೇ ಸರಿಯಾದ ಮನೆಗೆ ಹೋಗಿ ಸೇರುತ್ತಿತ್ತು. ನಾನು ಕಾಣದವಳ ಹಾಗೆ ಚಪ್ಪಾಳೆ ಹೊಡೆಸಿಕೊಂಡು ಬರುತ್ತಿದ್ದೆ.

ಹೀಗೆ ವರ್ಷಗಳು ಹೋದವು. ಹೋದ ಚಳಿಗಾಲದಲ್ಲಿ ತಾಂಡೂರಿನ ಕಡೆ ಹೊಸದಾಗಿ ಸೇರಿದ ಹೆಂಗಸರಿಗೆ ತರಬೇತಿ ಇತ್ತು. ಎಲ್ಲರನ್ನೂ ಕತ್ತಲ ಕೋಣೆಗೆ ಕರೆದೆ. ಸವಿತಾ ಎಂಬ ಹುಡುಗಿ ಮಾತ್ರ ಬಾಗಿಲಲ್ಲೇ ನಿಂತಳು. ಕಲ್ಲಿನ ಪಾಲಿಶ್ ಮಾಡುವವನನ್ನು ಮದುವೆಯಾಗಿ ಆ ಊರಿಗೆ ಬಂದವಳು. ಚುರುಕಾದ ಹುಡುಗಿ, ಬೆಳಿಗ್ಗೆಯಿಂದ ಎಲ್ಲ ಪ್ರಶ್ನೆಗೂ ಮೊದಲು ಉತ್ತರ ಕೊಟ್ಟವಳು. ದೀಪದ ಕೆಳಗೆ ತಾನು ಕೈ ಇಡುವುದಿಲ್ಲ ಎಂದಳು. ಯಾಕೆ ಎಂದೆ. ಉಳಿದವರು ಹೊರಗೆ ಹೋಗುವ ತನಕ ಕಾದು, ನಾಚಿಕೆಯಿಂದ ತಲೆ ತಗ್ಗಿಸಿ ಹೇಳಿದಳು.

"ನಮ್ಮ ಮನಿ ಮಂದಿ ಉಗುರಾಗ ಒಂದ್ ಇರ್ತದರಿ. ತೊಳದ್ರ ಹೋಗಂಗಿಲ್ಲ. ನಮ್ಮವ್ವಗ ಒಬ್ಬರು ಮೇಡಮ್ ದೀಪದಾಗ ನೋಡಿ ಹೇಳ್ಯಾರ."

ನನ್ನ ಕೈಯಲ್ಲಿದ್ದ ದೀಪ ಹಾಗೇ ಉರಿಯುತ್ತಿತ್ತು. ನಿಮ್ಮವ್ವ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಆ ತೆಳ್ಳಗಿನ ಮುಖ ನೋಡಿದ ಕೂಡಲೇ ಗೊತ್ತಾಗಬೇಕಿತ್ತು ನನಗೆ. ಅವಳೇ ಮುಂದೆ ಹೇಳಿದಳು. ಅವ್ವ ಕೆಲಸ ಮುಗಿದ ಮೇಲೆ ಪಾಯಖಾನೆಗೆ ಹಾಕುವ ಆ್ಯಸಿಡ್ಡನ್ನು ನೀರಿಗೆ ಬೆರೆಸಿ ಅದರಲ್ಲಿ ಬೆರಳು ಅದ್ದಿಕೊಳ್ಳುತ್ತಿದ್ದಳಂತೆ. ಉರಿದರೆ ಒಳ್ಳೆಯದೇ, ಹೋಗುತ್ತಿದೆ ಎಂದರ್ಥ ಎನ್ನುತ್ತಿದ್ದಳಂತೆ. ಮಗಳು ಇದೇ ಕೆಲಸಕ್ಕೆ ಸೇರಿದಾಗ ಅವಳಿಗೂ ಹಾಗೆ ಮಾಡಲು ಹೇಳಿಕೊಟ್ಟಿದ್ದಾಳಂತೆ. ಸವಿತಾ ಬೆರಳು ಚಾಚಿದಳು. ಮಾಂಸ ಕಾಣುವ ಹಾಗೆ ಕತ್ತರಿಸಿದ ಉಗುರು, ತುದಿಯಲ್ಲಿ ಸಿಪ್ಪೆ ಎದ್ದ ಚರ್ಮ.

ಒಂದು ಶಾಲೆಯ ಗದ್ದಲ ಅಡಗಿಸಲು ಹೇಳಿದ ಸುಳ್ಳು — ಅದು ಅಲ್ಲೇ ಸತ್ತಿದೆ ಎಂದುಕೊಂಡಿದ್ದೆ. ಅದು ಒಂದು ಮನೆಯೊಳಗೆ ಹೊಕ್ಕು, ತಾಯಿಯಿಂದ ಮಗಳಿಗೆ ಬಂದು, ಮನೆತನದ ರೋಗವಾಗಿ ನನ್ನೆದುರು ನಿಂತಿತ್ತು. ಹೊರಗೆ ಹೋದವರನ್ನೆಲ್ಲ ಮತ್ತೆ ಒಳಗೆ ಕರೆದೆ. ಎಲ್ಲರ ಕೈಗಳನ್ನೂ ಒಟ್ಟಿಗೆ ದೀಪದ ಕೆಳಗೆ ಇಡಿಸಿದೆ, ಕೆಂಪಿನವರು, ನೀಲಿಯವರು, ಹಸಿರಿನವರು, ನಡುವೆ ನನ್ನದು. ಎಲ್ಲ ಉಗುರುಗಳೂ ಒಂದೇ ರೀತಿ ಬೆಳ್ಳಗೆ ಕಂಡವು. ಉಗುರಿರುವುದೇ ಹೀಗೆ, ಯಾರ ಕೈಯಲ್ಲೂ ಏನೂ ಇಲ್ಲ ಎಂದೆ. ಸವಿತಾಳಿಗೆ, ನಿಮ್ಮವ್ವನಿಗೆ ಸುಳ್ಳು ಹೇಳಿದ ಮೇಡಮ್ ನಾನೇ ಎಂದೂ ಹೇಳಿದೆ. ಯಾಕೆ ಹೇಳಿದೆನೆಂದೂ, ನಾನು ಯಾರ ಪೈಕಿ ಎಂದೂ, ಎಲ್ಲರೆದುರಿಗೆ.

ಸವಿತಾ ತನ್ನ ಗ್ಲೌಸುಗಳನ್ನು ಮಡಚಿ ಕೆಂಪು ಬಕೆಟ್ಟಿನ ಮೇಲಿಟ್ಟು ಹೊರಗೆ ಹೋದಳು. ಆ ನಿಯಮ ತೆಗೆಯಬೇಕೆಂದು ಮರುದಿನ ಮೇಲಿನವರಿಗೆ ಫೋನು ಮಾಡಿದೆ, ಕಾರಣವನ್ನೂ ಬಿಡದೆ ಹೇಳಿದೆ. ಚೆನ್ನಾಗಿ ನಡೆಯುತ್ತಿರುವುದನ್ನು ಈಗ ಯಾಕೆ ಕೆದಕುತ್ತೀರಿ ಎಂದರು. ಇನ್ನು ನಾನು ಬಣ್ಣ ಹಂಚುವುದಿಲ್ಲ ಎಂದೆ. ಹಾಗಾದರೆ ಬೇರೆಯವರು ಹಂಚುತ್ತಾರೆ ಎಂದರು, ಈಗ ಹಂಚುತ್ತಿದ್ದಾರೆ.

ತುಳಜಮ್ಮನ ಊರಿಗೆ ಹೋಗಲು ಇನ್ನೂ ಕೆಲವು ದಿನ ತಡಮಾಡಿದೆ. ಇದನ್ನೂ ಬರೆಯಬೇಕು. ಬಸ್ಸಿಗೆ ಹೊರಟು ನಾರಾಯಣಖೇಡದಲ್ಲಿ ಇಳಿದು, ಚಹಾ ಕುಡಿದು, ಅಲ್ಲಿಂದಲೇ ವಾಪಸು ಬಂದದ್ದೂ ಉಂಟು.

ಹೋದ ದಿನ ಅವರು ಅಂಗಳದಲ್ಲಿ ಚಾಪೆಯ ಮೇಲೆ ಕೂತು ಮೊಮ್ಮಗಳಿಗೆ ಉಣಿಸುತ್ತಿದ್ದರು. ಸವಿತಾ ಕೆಲಸಕ್ಕೆ ಸೇರುವಾಗಲೇ ಮಗುವನ್ನು ತವರಲ್ಲಿ ಬಿಟ್ಟಿದ್ದಳು. ತುಳಜಮ್ಮ ಶಾಲೆಯ ಕೆಲಸ ಬಿಟ್ಟು ಬಹಳ ದಿನವಾಗಿದೆ. ನನ್ನನ್ನು ನೋಡಿದ ಕೂಡಲೇ ಗುರುತಿಸಿದರು, ಮಗಳು ಫೋನಿನಲ್ಲಿ ಹೇಳಿದ್ದಾಳೆ ಎಂದರು, ಕೂಡ್ರಿ ಎಂದು ಚಾಪೆಯ ತುದಿ ಬಿಡಿಸಿದರು. ಅವರ ಬೆರಳುಗಳನ್ನು ನಾನು ನೋಡಿದೆ. ಅದನ್ನು ವರ್ಣಿಸುವುದಿಲ್ಲ. ವರ್ಣಿಸಿ ನಿಮ್ಮಿಂದ ಮರುಕ ಪಡೆಯುವ ಹಕ್ಕು ನನಗಿಲ್ಲ.

ಮಗಳು ಹೇಳಿದ್ದಿರಲಿ, ನನ್ನ ಬಾಯಿಂದ ನಾನು ಹೇಳಬೇಕಿತ್ತು. ಹೇಳಿದೆ. ನಿಮ್ಮ ಕೈ ಶುದ್ಧವಾಗಿತ್ತು, ಎಲ್ಲರಿಗಿಂತ ಶುದ್ಧವಾಗಿತ್ತು, ನನಗೆ ಅವತ್ತೇ ಗೊತ್ತಿತ್ತು ಎಂದೆ. ನಿಮ್ಮನ್ನು ಒಳಗೆ ಬಿಡದವರು ಬೇರೆ, ಆದರೆ ಅದಕ್ಕೆ ನಿಮ್ಮ ಕೈಯೇ ಕಾರಣವೆಂದು ನಿಮ್ಮನ್ನು ನಂಬಿಸಿದವಳು ನಾನು ಎಂದೆ. ನಾನು ಯಾರೆಂಬುದನ್ನು ಮುಚ್ಚಿಟ್ಟಿದ್ದೆ ಎಂದು ಹೇಳಹೊರಟಾಗ ಅವರು ಕೈಯೆತ್ತಿ ತಡೆದರು. ಬೀದರ ಕಡೆ ನೆಂಟರ ಮನೆಗೆ ಹೋದಾಗ ನಿಮ್ಮವ್ವ ವಿಹಾರದಲ್ಲಿ ಹಾಡುವುದನ್ನು ಕೇಳಿದ್ದೇನೆ ಎಂದರು. ಬಿಳಿ ಸೀರೆ ಉಟ್ಟು ಅವ್ವನ ಪಕ್ಕ ನಿಂತಿದ್ದ ಹುಡುಗಿ ನಾನೇ ಎಂದು ಶಾಲೆಗೆ ಬಂದ ಮೊದಲ ದಿನವೇ ಗುರುತಿಸಿದ್ದರಂತೆ. ಮುಚ್ಚಿಟ್ಟುಕೊಂಡಿದ್ದಾಳೆ, ಅವಳ ಹೊಟ್ಟೆಪಾಡು, ನಾನ್ಯಾಕೆ ಬಿಚ್ಚಲಿ ಎಂದು ಸುಮ್ಮನಿದ್ದರಂತೆ.

ಅವರು ಸಿಟ್ಟಾಗಿದ್ದರೆ ಎದ್ದು ಬರಬಹುದಿತ್ತು. ಸಿಟ್ಟಾಗಲಿಲ್ಲ. ನನ್ನನ್ನು ಮೊದಲ ಸಲ ಮೇಡಮ್ ಎನ್ನದೆ ಮಾತಾಡಿದರು.

"ಅಡಿಗಿಯಾಕಿ ಹೇಳಿದ್ದರ ನಾ ನಂಬ್ತಿದ್ದಿಲ್ಲ ಮಗಳ. ಮಾಸ್ತರ್ ಹೇಳಿದ್ದರೂ ನಂಬ್ತಿದ್ದಿಲ್ಲ. ಅವರ ಮಾತು ಹುಟ್ಟಿದಾಗಿಂದ ಕೇಳೀನಿ. ನೀ ನಮ್ಮಾಕಿ ಇದ್ದಿ. ನಮ್ಮಾಕಿನೇ ಹೇಳ್ಯಾಳಂದ್ರ ಖರೇನೇ ಇರ್ಬೇಕು ಅಂತ ನಂಬೀನಿ."

ಮಗು ಬಾಯಿ ತೆರೆದು ಕೂತಿತ್ತು. ತಟ್ಟೆಯಲ್ಲಿ ಅನ್ನ ಬೇಳೆ ಕಲಸಿಟ್ಟಿದ್ದರು, ಅದರಲ್ಲೊಂದು ಚಮಚೆ. ಕೈಯಿಂದ ಉಣಿಸಿ ಎಂದು ಬೇಡಿಕೊಂಡೆ. ನಿಮ್ಮ ಕೈಯಲ್ಲಿ ಏನೂ ಇಲ್ಲ, ಎಂದೂ ಇರಲಿಲ್ಲ ಎಂದು ಮತ್ತೆ ಹೇಳಿದೆ. ಗೊತ್ತಾಯಿತು ಎಂಬಂತೆ ತಲೆಯಾಡಿಸಿದರು. ಬಲಗೈಯನ್ನು ತಟ್ಟೆಯ ತನಕ ತಂದರು. ಬೆರಳುಗಳು ಅನ್ನದ ಮೇಲೆ, ಮುಟ್ಟದೆ, ಸ್ವಲ್ಪ ಹೊತ್ತು ನಿಂತವು. ಆಮೇಲೆ ಚಮಚೆ ತೆಗೆದುಕೊಂಡರು.